ಕೂಟಶಾಸನವೂ ಕುಲದ ಹಂಬಲವೂ

ಅಂಧೇರಿಯಲ್ಲಿ ನೆಲೆನಿಂತ ಕರಾವಳಿಯ ಕುಟುಂಬಗಳ ಮೂರನೆಯ ತಲೆಮಾರಿಗೆ ಊರಿನ ಮೂಲಮನೆಯೆಂಬುದು ಬಹುಮಟ್ಟಿಗೆ ಕೇಳಿ ತಿಳಿದ ಸಂಗತಿ. ಬಳಿ, ಮೂಲಸ್ಥಾನ, ಮನೆದೈವದ ಹೆಸರುಗಳು ಹಿರಿಯರೊಡನೆ ಮರೆಯಾಗುವಾಗ ‘ನಾವು ಯಾರು’ ಎಂಬ ಪ್ರಶ್ನೆ ಏಳುವುದು ಸಹಜ. ಪ್ರಶ್ನೆ ಪ್ರಾಮಾಣಿಕವಾದುದು, ಅದಕ್ಕೆ ಉತ್ತರ ಮಾರಲು ಬರುವವನು ಹಾಗಿರಬೇಕೆಂದಿಲ್ಲ.

ವಲಸಿಗರ ನಾಡಾದ ಅಮೆರಿಕದಲ್ಲಿ ಇಂತಹ ವ್ಯಾಪಾರಿಯೊಬ್ಬನಿದ್ದ. ಸ್ವೀಡನ್ನಿನಲ್ಲಿ 1863ರಲ್ಲಿ ಹುಟ್ಟಿದ ಅವನು ಅಲ್ಲಿ ಖೋಟಾ ಬರಹಕ್ಕಾಗಿ ಶಿಕ್ಷೆ ಅನುಭವಿಸಿ, 1890ರಲ್ಲಿ ಅಮೆರಿಕಕ್ಕೆ ಬಂದ. ಹುಟ್ಟುಹೆಸರು ಯುಂಗ್‌ಬೆರ್ಗ್, ಪ್ರಸಿದ್ಧವಾದುದು ಗುಸ್ತಾವ್ ಆಂಜೂ ಎಂದು. ಆಂಜೂ ಫ್ರಾನ್ಸಿನ ಹಳೆಯ ರಾಜವಂಶಗಳ ನೆನಪು ತರುವ ಹೆಸರು. ಗಿರಾಕಿಗಳಿಗಿಂತ ಮೊದಲು ತನಗೇ ಅವನು ಕುಲವೊಂದನ್ನು ಕೊಟ್ಟುಕೊಂಡಿದ್ದ! 1942ರಲ್ಲಿ ಸಾಯುವವರೆಗೆ ಹಣವಂತ ಮನೆತನಗಳಿಗೆ ಅವನು ರಚಿಸಿಕೊಟ್ಟ ವಂಶಾವಳಿಗಳು ನೂರಕ್ಕೂ ಹೆಚ್ಚು.

ಅವನ ಕೌಶಲವನ್ನು 1991ರಲ್ಲಿ ರಾಬರ್ಟ್ ಚಾರ್ಲ್ಸ್ ಆ್ಯಂಡರ್ಸನ್ ಎಂಬ ವಿದ್ವಾಂಸರು ಬಿಡಿಸಿ ತೋರಿಸಿದರು. ಆಂಜೂ ಉಲ್ಲೇಖಿಸಿದ ದಾಖಲೆಗಳಲ್ಲಿ ಬಹುಪಾಲು ನಿಜವಾದವು. ಹೋಗಿ ನೋಡಿದರೆ ಸಿಗುವಂಥವು. ಅಮೆರಿಕಕ್ಕೆ ಬಂದ ಪೂರ್ವಜನನ್ನು ಯುರೋಪಿನ ಶ್ರೀಮಂತ ಕುಲಕ್ಕೆ ಬೆಸೆಯಬೇಕಾದ ಕಡೆ ಮಾತ್ರ, ಆಕರವಿಲ್ಲದ ಒಂದು ಕಲ್ಪಿತ ದಾಖಲೆ ಮೆಲ್ಲನೆ ಬಂದು ಸೇರುತ್ತಿತ್ತು. ಸಾವಿರ ಸತ್ಯಗಳ ನಡುವೆ ಒಂದು ಸುಳ್ಳು. ಇಡೀ ಕಟ್ಟಡದ ಭಾರವೆಲ್ಲ ಆ ಒಂದರ ಮೇಲೆ.

ಕನ್ನಡ ಶಾಸನಗಳ ಅಭ್ಯಾಸಿಗಳಿಗೆ ಈ ತಂತ್ರ ಅಪರಿಚಿತವಲ್ಲ. ಮುಂಬಯಿಯಿಂದ ಪ್ರಕಟವಾಗುತ್ತಿದ್ದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಜೆ.ಎಫ್. ಫ್ಲೀಟರು 1901ರಲ್ಲಿ ಕೂಟಶಾಸನಗಳ ಪಟ್ಟಿಯೊಂದನ್ನೇ ಕೊಟ್ಟರು. ಗಂಗರ ಹಲವು ತಾಮ್ರಪಟಗಳನ್ನು ಅವರು ಸಂಶಯಿಸಿದ್ದುಂಟು. ಶಿವಮೊಗ್ಗ ಸೀಮೆಯಲ್ಲಿ ದೊರೆತ ಗೌಜ ಅಗ್ರಹಾರದ ತಾಮ್ರಪಟ, ಪರೀಕ್ಷಿತನ ಮಗ ಜನಮೇಜಯನೇ ದಾನವಿತ್ತನೆಂದು ಹೇಳುತ್ತದೆ. ಲಿಪಿಯೋ ಎಷ್ಟೋ ಶತಮಾನಗಳ ಈಚಿನದು. ಕೂಟಶಾಸನಕಾರನಿಗೆ ಬೇಕಾಗಿದ್ದುದು ಭೂಮಿ, ಆಂಜೂವಿಗೆ ಡಾಲರು. ಆದರೆ ಇಬ್ಬರೂ ನಂಬಿದ್ದುದು ಓದುಗನ ಒಂದೇ ದೌರ್ಬಲ್ಯವನ್ನು: ಪಂಕ್ತಿ ಸೊಗಸಾಗಿದ್ದರೆ ಅವನು ಅಕ್ಷರವನ್ನು ಪರೀಕ್ಷಿಸುವುದಿಲ್ಲ.

ಕೂಟಶಾಸನವನ್ನು ಲಿಪಿಶಾಸ್ತ್ರಜ್ಞರು ಬೇರ್ಪಡಿಸಿಡಬಲ್ಲರು. ಆಂಜೂವಿನ ವಂಶಾವಳಿಗಳು ಹಾಗಲ್ಲ. ಗ್ರಂಥಾಲಯಗಳಿಗೆ ಸೇರಿ, ಒಂದರಿಂದ ಇನ್ನೊಂದಕ್ಕೆ ನಕಲಾಗಿ, ಈಗ ಗಣಕಯಂತ್ರದ ವಂಶವೃಕ್ಷಗಳಲ್ಲಿಯೂ ಕವಲೊಡೆಯುತ್ತಿವೆ. ಹಣ ಕಳೆದುಕೊಂಡವರಿಗಿಂತ ದೊಡ್ಡ ನಷ್ಟ ಸತ್ತವರದು. ಹಡಗೇರಿ ಬಂದ ರೈತನನ್ನೋ ಕಮ್ಮಾರನನ್ನೋ ಅವನ ತಂದೆತಾಯಿಗಳಿಂದ ಅಗಲಿಸಿ, ಕಾಣದ ಸಾಮಂತನೊಬ್ಬನ ಮಡಿಲಿಗೆ ಹಾಕಿದಂತಾಯಿತು.

ಉತ್ತರ ಕರ್ನಾಟಕದ ಹೆಳವರು ಇದಕ್ಕೆ ತೀರ ಬೇರೆಯಾದವರು. ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ಆ ಮನೆಯ ತಲೆಮಾರುಗಳನ್ನು ಹೇಳುವ ಹೆಳವನೂ ಹೊಗಳುತ್ತಾನೆ. ಅವನಿಗೂ ಕಾಳುಕಡಿ ಸಲ್ಲಬೇಕು. ಆದರೆ ಕೇಳುವವರು ಆ ಮನೆಯವರೇ, ಸುತ್ತ ನಿಂತವರು ಆ ಓಣಿಯವರೇ. ಮುದುಕಿಯೊಬ್ಬಳು ಒಳಗಿನಿಂದಲೇ ‘ಆ ಹೆಸರು ತಪ್ಪು’ ಎಂದು ಕೂಗಿದರೆ ಅವನು ನಿಂತು ಉತ್ತರ ಹೇಳಬೇಕು.