ಮಲ್ಲೇಶ್ವರದಲ್ಲಿ ಒಂದು ಎದೆಯೆತ್ತರದ ಗೋಡೆ

ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ನಡೆದರೆ, ಎಂಟನೆಯ ಅಡ್ಡರಸ್ತೆಯನ್ನು ದಾಟುವವರೆಗೂ ಮಲ್ಲೇಶ್ವರವು ಒಂದು ದೊಡ್ಡ ಸಂತೆಯಂತೆಯೇ ತೋರುವುದು. ಹೂವಿನ ಬುಟ್ಟಿಗಳು, ಬಟ್ಟೆಯಂಗಡಿಗಳು, ಹುರಿದ ಕಾಫಿಯ ಘಮಲು, ಇವುಗಳ ನಡುವೆ ಕಾಲಿಡಲು ಎಡೆಯಿಲ್ಲದ ಜನಜಂಗುಳಿ. ಆದರೆ ಯಾವುದಾದರೊಂದು ಅಡ್ಡರಸ್ತೆಗೆ ತಿರುಗಿ ನೂರು ಹೆಜ್ಜೆ ನಡೆದರೆ ಸಾಕು, ಸದ್ದು ಹಿಂದುಳಿಯುವುದು. ಕಾಂಪೌಂಡು ಗೋಡೆ, ಕಬ್ಬಿಣದ ಗೇಟು, ಗೇಟಿನ ಮುಂದೆ ರಂಗೋಲಿ, ಒಳಗೊಂದು ತೆಂಗು, ಒಂದು ಕರಿಬೇವು. ಹೀಗೆ ಹಳೆಯ ಬಡಾವಣೆಯ ಮುಖವು ಅಲ್ಲಲ್ಲಿ ಇಣುಕುವುದು.

ನವರಾತ್ರಿಗೆ ಎರಡು ದಿನವಿರುವಾಗ ನಾನು ಅಲ್ಲಿಗೆ ಹೋದುದು ಊರು ನೋಡುವುದಕ್ಕಲ್ಲ. ನಮ್ಮ ತಂದೆಯವರ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಿಸಲು ಒಬ್ಬ ಗುತ್ತಿಗೆದಾರರು ಕರಾರು ಕಳುಹಿಸಿದ್ದರು; ಅದಕ್ಕೆ ನನ್ನ ರುಜುವೂ ಬೇಕಾಗಿದ್ದಿತು. ಮನೆಯಲ್ಲಿರುವವಳು ನನ್ನ ಅಕ್ಕ.

ಈ ಬಡಾವಣೆಯು ಭಯದಿಂದ ಬೆಳೆದುದು. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಪ್ಲೇಗು ಹೊಕ್ಕಿತು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದುವು. ಎರಡು ಸಂಸಾರಗಳಿಗೆ ನಡುವೆ ಒಂದೇ ಗೋಡೆ. ರೋಗವು ಇಲಿಯ ಚಿಗಟದಿಂದ ಹರಡುವುದೆಂದು ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯರು ಅದೇ ವರ್ಷ ಪ್ರಕಟಿಸಿದರೂ, ಲೋಕವು ಅದನ್ನು ನಂಬಲು ಬಹಳ ಕಾಲ ಬೇಕಾಯಿತು. ಆಗಿನವರು ನಂಬಿದ್ದು ಗಾಳಿ ಬೆಳಕುಗಳನ್ನು. ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ, ಎರಡರಲ್ಲಿಯೂ ನೇರವಾದ ಬೀದಿಗಳು, ಮನೆಮನೆಗೂ ಅಂಗಳ, ಅಂಗಳಕ್ಕೊಂದು ಗೋಡೆ. ಬೀದಿಗಳಿಗೆ ಮರಗಳ ಹೆಸರು. ಮಾರ್ಗೋಸಾ ರಸ್ತೆಯಲ್ಲಿ ದಿನವೂ ಓಡಾಡುವವರೆಷ್ಟೋ ಮಂದಿಗೆ ಅದು ನಮ್ಮ ಬೇವಿನ ಮರವೆಂದು ತಿಳಿಯದು! ಮನೆಗಳ ಬೆನ್ನಿಗೆ ಒಂದೊಂದು ಕಿರುಗಲ್ಲಿಯನ್ನೂ ಬಿಟ್ಟಿದ್ದರು. ಮಲ ಹೊರುವವರು ಮುಂಬಾಗಿಲಿಗೆ ಬರಬಾರದೆಂದೇ ಆ ಗಲ್ಲಿ. ಹಳೆಯ ಬಡಾವಣೆಯ ಅಂದವನ್ನು ಹೊಗಳುವಾಗ ನಾವು ಈ ಗಲ್ಲಿಯನ್ನು ಮರೆಯುವುದುಂಟು, ಮರೆಯುವುದು ನ್ಯಾಯವಲ್ಲ.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವಣ ಗೋಡೆ ಎದೆಯೆತ್ತರದ್ದು. ಅದನ್ನು ಕಟ್ಟಿಸಿದವರು ಬಹಳ ಯೋಚಿಸಿಯೇ ಕಟ್ಟಿಸಿರಬೇಕು. ದನ ಹಾರದು, ಆದರೆ ಮಾತು ಹಾರುವುದು. ಮೊಸರಿಗೆ ಹೆಪ್ಪು, ಹಬ್ಬದ ಒಬ್ಬಟ್ಟು, ಕರಿಬೇವು, ಓದಿ ಮುಗಿಸಿದ ಮಾಸಪತ್ರಿಕೆ, ಎಲ್ಲವೂ ಅದರ ಮೇಲಿಂದಲೇ ದಾಟುತ್ತಿದ್ದುವು. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಿಯಮವೊಂದಿದ್ದುದರಿಂದ, ಒಮ್ಮೆ ಆರಂಭವಾದ ಈ ಸಾಗಣೆಗೆ ಕೊನೆಯೇ ಇರಲಿಲ್ಲ.

ಜಗಳವೂ ಆ ಗೋಡೆಯ ಮೇಲೆಯೇ ಆಯಿತು. ನಮ್ಮ ತಾಯಿ ನೆಟ್ಟ ಪಾರಿಜಾತವು ಆಚೆಗೆ ಬಾಗಿತು. ಹೂವು ಬಿದ್ದಾಗ ಅವರು ದೇವರಿಗೆ ಏರಿಸಿದರು. ಎಲೆ ಬಿದ್ದು ಚರಂಡಿ ಕಟ್ಟಿದಾಗ ನಮ್ಮನ್ನು ಕೂಗಿದರು. ಅಕ್ಕನೂ ಮಾತಿನಲ್ಲಿ ಹಿಂದೆ ಬೀಳುವವಳಲ್ಲ. ಎರಡು ವರ್ಷ ಬಟ್ಟಲುಗಳು ಗೋಡೆ ದಾಟಲಿಲ್ಲ. ಮೂರನೆಯ ವರ್ಷ ನವರಾತ್ರಿಯ ಸಂಜೆ ಆ ಮನೆಯಾಕೆ ಕರೆಯದೆಯೇ ಬಂದು, ಗೊಂಬೆಗಳ ಮುಂದೆ ಕುಳಿತು, ಪಟ್ಟದ ಗೊಂಬೆಗಳ ಸೀರೆ ಮಾಸಿದೆಯೆಂದು ತಪ್ಪು ಹಿಡಿದಳಂತೆ. ಮರುದಿನ ತಾನೇ ಜರಿಯ ತುಂಡೊಂದನ್ನು ತಂದು ಉಡಿಸಿದಳು. ಚರಂಡಿಯ ಮಾತನ್ನು ಯಾರೂ ಎತ್ತಲಿಲ್ಲ.

ಆ ಮನೆ ಈಗಿಲ್ಲ. ಅಲ್ಲಿ ನಾಲ್ಕು ಅಂತಸ್ತು, ಎಂಟು ಸಂಸಾರ. ಗೋಡೆಯ ಮೇಲೆ ಆಳೆತ್ತರದ ತಗಡು ನಿಂತಿದೆ. ಪಾರಿಜಾತವು ಮುಂಜಾನೆ ಯಾರದೋ ಕಾರಿನ ಮೇಲೆ ಉದುರುವುದು; ಚಾಲಕನು ಅದನ್ನು ಒರಸುಬಟ್ಟೆಯಿಂದ ಕೊಡವುವನು. ಹಿಂದಣ ಪೇಟೆಯಂತೆ ಮತ್ತೆ ಎರಡು ಸಂಸಾರಗಳಿಗೆ ಒಂದೇ ಗೋಡೆಯಾಗಿದೆ, ಆದರೆ ಪೇಟೆಯ ಜಗಲಿ ಮಾತ್ರ ಬರಲಿಲ್ಲ ಎಂದು ನಾನು ಕಾಫಿ ಕುಡಿಯುತ್ತ ಅಕ್ಕನಿಗೆ ಹೇಳಿದೆನು. ಹೇಳುವಾಗ ನನ್ನ ಮಾತು ನನಗೇ ಚೆನ್ನಾಗಿ ಕೇಳಿಸಿತೆಂದು ಒಪ್ಪಿಕೊಳ್ಳಬೇಕು.

ಅಕ್ಕ ಲೋಟವನ್ನು ಕೆಳಗಿಟ್ಟಳು. “ವರ್ಷಕ್ಕೆರಡು ಸಲ ಬಂದು ಹೂವು ನೋಡುವವನು ನೀನು, ದಿನವೂ ಗುಡಿಸುವವಳು ನಾನು. ಮಳೆ ಬಂದರೆ ಹಜಾರದಲ್ಲಿ ಮೂರು ಪಾತ್ರೆ ಇಡುತ್ತೇನೆ. ಮಂಡಿ ಮಹಡಿ ಹತ್ತುವುದಿಲ್ಲ. ಲಿಫ್ಟು ಬಂದರೆ ನನಗೇನೂ ದುಃಖವಿಲ್ಲ” ಎಂದಳು. ಮೇಲಾಗಿ ಆ ಎಂಟು ಸಂಸಾರಗಳಲ್ಲಿ ಮೂರರ ಪರಿಚಯ ಅವಳಿಗೆ ಆಗಲೇ ಆಗಿದೆ. ಎರಡನೆಯ ಅಂತಸ್ತಿನ ಹೆಣ್ಣುಮಗಳೊಬ್ಬಳು, ಕನ್ನಡ ಬಾರದವಳು, ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಚೀಲವನ್ನು ತಗಡಿನೀಚೆಗೆ ಇಳಿಬಿಡುವಳಂತೆ. ಅಕ್ಕ ಕರಿಬೇವು ಹಾಕುವಳು. ಚೀಲವು ಬರಿದಾಗಿ ಇಳಿಯುವುದೋ ಎಂದು ಕೇಳಿದೆನು. “ಮೊದಮೊದಲು ಬರಿದೇ ಇತ್ತು. ಈಗ ಏನೋ ಕಡಲೆಹಿಟ್ಟಿನ ಉಂಡೆ ಬರುತ್ತದೆ. ಸಕ್ಕರೆ ಹೆಚ್ಚು” ಎಂದಳು.

ಕರಾರಿನ ಕಾಗದಗಳನ್ನು ಮೇಜಿನ ಮೇಲೆ ಹರಡಿದೆನು. ಮನೆ ಸೋರುವುದು ನಿಜ, ಮಂಡಿಯ ನೋವೂ ನಿಜ. ನನ್ನ ಅಕ್ಕರೆಗಾಗಿ ಅವಳು ಪಾತ್ರೆ ಇಡುತ್ತಿರಬೇಕೆಂದು ಕೇಳುವ ಹಕ್ಕು ನನಗಿಲ್ಲ. ತೋರಿಸಿದ ಕಡೆಯಲ್ಲೆಲ್ಲ ರುಜು ಹಾಕಿದೆನು. ಪಾರಿಜಾತದ ಒಂದು ಕೊಂಬೆಯನ್ನು ಕುಂಡದಲ್ಲಿ ಊರಿಡಬಹುದೇ ಎಂದು ಮಾತ್ರ ಕೇಳಿದೆನು. ಮೂರು ಕುಂಡಗಳಲ್ಲಿ ಊರಿ ಆಗಲೇ ತಿಂಗಳಾಯಿತೆಂದೂ, ಎರಡು ಚಿಗುರಿವೆಯೆಂದೂ ಹೇಳಿ, ಕಾಗದಗಳನ್ನು ಮಡಿಸಿ ಬೀರುವಿನೊಳಗಿಟ್ಟು, ಅಟ್ಟದ ಮೇಲಣ ಗೊಂಬೆಗಳ ಪೆಟ್ಟಿಗೆಯನ್ನು ಇಳಿಸಬೇಕು, ಏಣಿ ತಾ ಎಂದಳು.