ಕಾರವಾರದ ಕಡಲೂ ನಮ್ಮ ಶಾಲೆಯ ಪಂಪೂ

ಕಾಲುವರ್ಷದ ಪರೀಕ್ಷೆಯ ರಜೆಯಲ್ಲಿ ಗುಮ್ಮಳಾಪುರದಿಂದ ಕಾರವಾರಕ್ಕೆ ಹೊರಟಾಗ ನಮ್ಮ ಮನಸ್ಸು ಹಗುರವಾಗಿರಲಿಲ್ಲ. ಶಾಲೆಯ ಕೊಳವೆಬಾವಿಯ ಪಂಪು ನಿಂತು ಒಂಬತ್ತು ದಿನಗಳಾಗಿದ್ದುವು. ಸವೆದದ್ದು ಹೆಬ್ಬೆರಳು ಗಾತ್ರದ ಒಂದು ಬುಷ್ ಮಾತ್ರ. ತಯಾರಿಸಿದ ಕಂಪೆನಿ ಬಾಗಿಲು ಹಾಕಿ ವರ್ಷಗಳಾದುದರಿಂದ ಅದು ತಳಿಯಲ್ಲೂ ಸಿಗಲಿಲ್ಲ, ಹೊಸೂರಿನಲ್ಲೂ ಸಿಗಲಿಲ್ಲ. ಹೊಸ ಪಂಪನ್ನೇ ಕೊಳ್ಳಿರೆಂದರು ಅಂಗಡಿಯವರು. ಶಾಲೆಯ ಗಂಟು ಎಷ್ಟೆಂದು ಅವರಿಗೇನು ಗೊತ್ತು! ರಜೆ ಬರುವವರೆಗೂ ಮಕ್ಕಳು ಬಿಂದಿಗೆ ಹಿಡಿದು ಊರೊಳಗಿನ ನಲ್ಲಿಗೆ ಅಲೆದಿದ್ದರು.

ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದು ಬೆಳಿಗ್ಗೆ ಕಾರವಾರ ಸೇರಿದೆವು. ಅಲ್ಲಿರುವ ನಮ್ಮ ಬಂಧುವೊಬ್ಬರು ನೌಕಾಪಡೆಯ ಉಗ್ರಾಣದಲ್ಲಿ ದುಡಿದು ನಿವೃತ್ತರಾದವರು. ಅವರೊಡನೆ ಅರಗಾದ ಕಡೆಗೆ ಹೋದಾಗ ಹೆದ್ದಾರಿಯ ಪಕ್ಕದ ಗೋಡೆಯನ್ನು ತೋರಿಸಿದರು. ಅದರಾಚೆಗೆ ಕದಂಬ ನೌಕಾನೆಲೆ. 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ನೆಲೆ ಸೇವೆಗೆ ಸಿದ್ಧವಾಯಿತು. ಅದಕ್ಕಾಗಿ ಮನೆಮಠ ಬಿಟ್ಟೆದ್ದ ಬೆಸ್ತರೂ ರೈತರೂ ಬಹಳ ಮಂದಿ. ಇದ್ದ ಊರಿನಲ್ಲೇ ಇದ್ದು ಗಡಿಯಾಚೆಯವರೆನಿಸಿಕೊಂಡ ನಮಗೆ ಆ ಸಂಕಟ ತೀರ ಅಪರಿಚಿತವಲ್ಲ.

ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಹತ್ತು ಸಾವಿರ ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಮೇಲೆತ್ತಿ, ಹಳಿಗಳ ಮೇಲೆ ದುರಸ್ತಿಯ ತಾಣಕ್ಕೆ ಸಾಗಿಸುವ ಏರ್ಪಾಡು ಅಲ್ಲಿದೆಯೆಂದು ಬಂಧುಗಳು ವರ್ಣಿಸಿದರು. ಸರಬರಾಜು ಹಡಗುಗಳು ಮಾತ್ರ ಅದಕ್ಕೆ ಮೀರಿದ ತೂಕದವು. ತುಂಬಿದ 'ದೀಪಕ' ಸುಮಾರು 27,500 ಟನ್!

ಸಂಜೆ ಟಾಗೋರ್ ಕಡಲತೀರದಲ್ಲಿ ಕುಳಿತೆವು. ಯುದ್ಧನೌಕೆಯೆಂದರೆ ತೋಪುಗಳೆಂದಷ್ಟೇ ನಾವು ತಿಳಿದಿದ್ದೆವು. ದಡ ಕಾಣದೆ ವಾರಗಟ್ಟಲೆ ತೇಲುವ ಅದಕ್ಕೆ ತೈಲ, ನೀರು, ದವಸ, ಮದ್ದುಗುಂಡು ಒಯ್ದುಕೊಡುವವರಾರು? ಎರಡು ಹಡಗುಗಳು ಕೆಲವೇ ಹತ್ತು ಮೀಟರುಗಳ ಅಂತರದಲ್ಲಿ, ಒಂದೇ ವೇಗದಲ್ಲಿ ಜೋಡೆತ್ತುಗಳಂತೆ ಸಾಗುತ್ತವೆ. ಮೊದಲು ಒಂದು ತೆಳುದಾರವನ್ನು ಹಾರಿಸುತ್ತಾರೆ. ಅದರ ತುದಿಗೆ ದಪ್ಪ ಹಗ್ಗ, ಹಗ್ಗದ ತುದಿಗೆ ಉಕ್ಕಿನ ಮಿಣಿ, ಆ ಮಿಣಿಯಿಂದ ತೂಗಾಡುವ ಕೊಳವೆ. 'ದೀಪಕ' ಗಂಟೆಗೆ 1,500 ಟನ್ ತೈಲ ಉಣಿಸಬಲ್ಲುದಂತೆ. ಚುಕ್ಕಾಣಿ ತುಸು ಜಾರಿದರೆ ಎರಡಕ್ಕೂ ಗಂಡಾಂತರ.

ಇಷ್ಟೆಲ್ಲ ಹೊತ್ತು ತರುವ ಹಡಗಿಗೇ ಬಿಡಿಭಾಗ ಬೇಕಾದರೆ? ನಮ್ಮ ಬುಷ್ ನೆನಪಾಗಿ ಕೇಳಿಯೇಬಿಟ್ಟೆವು.

ಬಂಧುಗಳು ನಕ್ಕು, ಹಿಂದಿನ 'ಶಕ್ತಿ'ಯ ಕಥೆ ಹೇಳಿದರು. ಜರ್ಮನಿಯ ಬ್ರೆಮರ್ ವುಲ್ಕಾನ್ ಕಟ್ಟಿದ ಆ ತೈಲನೌಕೆ 1976ರಲ್ಲಿ ನಮ್ಮ ಪಡೆಗೆ ಸೇರಿತು. 1997ರಲ್ಲಿ ಆ ಹಡಗುಕಟ್ಟೆಯೇ ಮುಚ್ಚಿಹೋಯಿತು. 'ಶಕ್ತಿ' 2007ರವರೆಗೆ ದುಡಿಯಿತು. ತವರು ಅಳಿದ ಮೇಲೂ ಹತ್ತು ವರ್ಷ! ಈಗಿನ 'ದೀಪಕ', 'ಶಕ್ತಿ'ಗಳು 2011ರಲ್ಲಿ ಇಟಲಿಯಿಂದ ಬಂದವು, 'ಜ್ಯೋತಿ' 1996ರಲ್ಲಿ ರಷ್ಯದಿಂದ. ಒಂದೊಂದರ ತಿರುಪೂ ಒಂದೊಂದು ದೇಶದ ಅಳತೆ. ಇಂಥ ಐದು ಹಡಗುಗಳನ್ನು ವಿಶಾಖಪಟ್ಟಣದಲ್ಲೇ ಕಟ್ಟಲು 2023ರಲ್ಲಿ ಒಪ್ಪಂದವಾದುದು ಸುಮ್ಮನೆಯಲ್ಲ.

"ಮುಂಚೆಯೇ ಕೊಂಡಿಟ್ಟಿರಬೇಕು, ಇಲ್ಲವೇ ಸೇವೆಯಿಂದಿಳಿದ ಹಡಗಿನಿಂದ ಬಿಚ್ಚಬೇಕು. ಎರಡೂ ಇಲ್ಲವಾದರೆ ಸವೆದುದನ್ನೇ ಅಳೆದು ಇಲ್ಲೇ ಕಡೆಯಿಸಬೇಕು. ನಂಬರಿನ ಚೀಟಿ ಕಟ್ಟದ ಸಾಮಾನು ಉಗ್ರಾಣದಲ್ಲಿದ್ದರೂ ಇಲ್ಲದಂತೆಯೇ ಮೇಷ್ಟ್ರೇ" ಎಂದರು.

ಹಿಂತಿರುಗುವಾಗ ಹೊಸೂರಿನಲ್ಲಿಳಿದೆವು. ನಮ್ಮಲ್ಲಿ ಐದನೆಯ ತರಗತಿಯವರೆಗೆ ಓದಿದ ಹುಡುಗನೊಬ್ಬ ಅಲ್ಲಿ ಲೇತ್ ಇಟ್ಟುಕೊಂಡಿದ್ದಾನೆ. ಗಣಿತದಲ್ಲಿ ಅವನನ್ನು ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆವೋ! ಅವನು ಸವೆದ ಬುಷ್ಷನ್ನು ಬೆಳಕಿಗೆ ಹಿಡಿದು, ಸವೆಯದ ಒಂದು ಅಂಚನ್ನು ಹುಡುಕಿ, ಕೂದಲೆಳೆಯಷ್ಟೂ ತಪ್ಪದಂತೆ ಅಳೆದು ಬರೆದುಕೊಂಡ. ಕಂಚಿನ ತುಂಡು ಯಂತ್ರದಲ್ಲಿ ತಿರುಗತೊಡಗಿತು. ಕೂಲಿಯನ್ನು ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ.

"ಇನ್ನೊಂದನ್ನೂ ಮಾಡಿಬಿಡಪ್ಪ" ಎಂದೆವು.

ಶಾಲೆ ತೆರೆದ ದಿನ ನೀರು ಬಂದಿತು. ಎರಡನೆಯ ಬುಷ್ ಕಚೇರಿಯ ಬೀರುವಿನಲ್ಲಿದೆ, ಚೀಟಿ ಕಟ್ಟಿ, ನಂಬರು ಹಾಕಿ.