ಆ ಕೋಣೆಯಲ್ಲಿದ್ದವರ ಮಾತು

ಮಗಳು ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಓದುತ್ತಿದ್ದಾಳೆ. ನೀವು ಹಾಸಿಗೆಯ ಪಕ್ಕ ಕೂತಿದ್ದೀರಿ. 2016ರ ಫೆಬ್ರುವರಿ, ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಸಿಟಿ ಎಂಬ ಸಣ್ಣ ಊರು. ಹಾಸಿಗೆಯಲ್ಲಿರುವವರು ಬಾಬ್ ಎಬೆಲಿಂಗ್. ವಯಸ್ಸು 89. ಕ್ಯಾನ್ಸರ್ ಬಂದಿದೆ, ಗುಣಪಡಿಸುವ ಮಾತು ಮುಗಿದಿದೆ, ಇನ್ನೇನಿದ್ದರೂ ನೋವಾಗದಂತೆ ನೋಡಿಕೊಳ್ಳುವುದಷ್ಟೇ.

ಕಾಗದಗಳು ನೂರಾರು ಬಂದಿವೆ. ಬರೆದವರು ಯಾರೂ ಇವರ ಮುಖ ಕಂಡವರಲ್ಲ. ಜನವರಿ ಕೊನೆಯಲ್ಲಿ ರೇಡಿಯೊದಲ್ಲಿ ಈ ಮುದುಕನ ದನಿ ಕೇಳಿ ತಡೆಯಲಾರದೆ ಬರೆದವರು. ಎಂಜಿನಿಯರುಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ. ಎಲ್ಲರದೂ ಒಂದೇ ಮಾತು: ನಿಮ್ಮದೇನೂ ತಪ್ಪಿಲ್ಲ, ನೀವು ಮಾಡಬೇಕಾದ್ದನ್ನು ಮಾಡಿದಿರಿ.

ಅವರ ಮುಖ ನೋಡಿ. ಕೇಳಿಸಿಕೊಳ್ಳುತ್ತಿದ್ದಾರೆ, ಕೃತಜ್ಞತೆಯೂ ಇದೆ. ಆದರೆ ಒಳಗೆ ಇಳಿಯುತ್ತಿಲ್ಲ. ನಾಸಾದಿಂದಾಗಲಿ, ತಾನು ದುಡಿದ ಕಂಪನಿಯ ಕಡೆಯಿಂದಾಗಲಿ ಯಾರೂ ಒಂದು ಮಾತು ಹೇಳಲಿಲ್ಲವಲ್ಲ ಎನ್ನುತ್ತಾರೆ.

ಇದೇನು ಹಠ ಎಂದು ನಿಮಗನ್ನಿಸಬಹುದು. ನೂರಾರು ಜನ ಹೇಳಿದರೂ ಸಮಾಧಾನವಾಗದವನಿಗೆ ಇನ್ನೊಬ್ಬ ಹೇಳಿದರೆ ಆಗುತ್ತದೆಯೆ? ಅದನ್ನು ತಿಳಿಯಬೇಕಾದರೆ ನೀವು ಎದ್ದು ಮೂವತ್ತು ವರ್ಷ ಹಿಂದಕ್ಕೆ ಬರಬೇಕು.

1986ರ ಜನವರಿ 27, ಸೋಮವಾರ ಮಧ್ಯಾಹ್ನ. ಇದೇ ಯೂಟಾದಲ್ಲಿ ಮಾರ್ಟನ್ ಥಯೊಕಾಲ್ ಕಂಪನಿಯ ಕಾರ್ಖಾನೆ. ಬಾಹ್ಯಾಕಾಶ ನೌಕೆಯನ್ನು ಮೇಲಕ್ಕೆ ಒಯ್ಯುವ ಎರಡು ದೊಡ್ಡ ಘನ ಇಂಧನದ ಬೂಸ್ಟರ್‌ಗಳು ತಯಾರಾಗುವುದು ಇಲ್ಲಿ. ತುಂಡು ತುಂಡಾಗಿ ರೈಲಿನಲ್ಲಿ ಫ್ಲೋರಿಡಾಕ್ಕೆ ಹೋಗುತ್ತವೆ, ಅಲ್ಲಿ ಒಂದರ ಮೇಲೊಂದು ಕೂರಿಸಿ ಜೋಡಿಸುತ್ತಾರೆ. ಜೋಡಣೆಯ ಸಂದಿನಲ್ಲಿ ಬೆಂಕಿ ನುಸುಳದಂತೆ ಎರಡು ರಬ್ಬರ್ ಉಂಗುರ. ಓ-ರಿಂಗ್ ಅಂತ ಹೆಸರು. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ನೆನೆಸಿಕೊಳ್ಳಿ. ಅದು ಸೆಟೆದುಕೊಂಡರೆ ಆವಿ ಪಕ್ಕದಿಂದ ಹೊರಡುತ್ತದೆ, ಬೇಳೆ ಬೇಯುವುದಿಲ್ಲ, ಅಷ್ಟೇ. ಇಲ್ಲಿ ಹೊರಡುವುದು ಬೆಂಕಿ.

ಈ ಉಂಗುರ ಸರಿಯಿಲ್ಲ ಎಂಬುದು ಗುಟ್ಟೇನಲ್ಲ. ಹಿಂದಿನ ಜುಲೈ ಕೊನೆಯಲ್ಲೇ ರೋಜರ್ ಬೋಜೋಲಿ ಎಂಬ ಎಂಜಿನಿಯರ್ ಮೇಲಿನವರಿಗೆ ಟಿಪ್ಪಣಿ ಬರೆದು, ಇದನ್ನು ಸರಿಪಡಿಸದಿದ್ದರೆ ಜೀವಹಾನಿಯಾದೀತು ಎಂದಿದ್ದ. ಅಕ್ಟೋಬರ್ 1ರಂದು ಎಬೆಲಿಂಗ್ ಬರೆದ ಟಿಪ್ಪಣಿಯ ಮೊದಲ ಪದವೇ ‘ಕಾಪಾಡಿ’. ಆಫೀಸಿನ ಕಾಗದದಲ್ಲಿ ಹಾಗೆ ಬರೆಯಬೇಕಾದರೆ ಮನುಷ್ಯ ಎಷ್ಟು ರೋಸಿಹೋಗಿರಬೇಕು.

ಇವತ್ತು ಎಬೆಲಿಂಗ್ ಫೋನ್ ಎತ್ತಿಕೊಂಡಿದ್ದಾರೆ. ಆ ಕಡೆ ಫ್ಲೋರಿಡಾದಲ್ಲಿರುವುದು ಅಲನ್ ಮೆಕ್‌ಡೊನಾಲ್ಡ್, ಉಡಾವಣೆಯ ಜಾಗದಲ್ಲಿ ಕಂಪನಿಯ ಹಿರಿಯ ಪ್ರತಿನಿಧಿ. ನಾಳೆ ಚಾಲೆಂಜರ್ ಹೊರಡಲಿದೆ. ಏಳು ಜನ, ಅವರಲ್ಲೊಬ್ಬರು ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್. ರಾತ್ರಿ ಫ್ಲೋರಿಡಾದಲ್ಲಿ ನೀರು ಹೆಪ್ಪುಗಟ್ಟುವಂಥ ಚಳಿಯಂತೆ. ಇಷ್ಟು ಚಳಿಯಲ್ಲಿ ಈ ಉಂಗುರಗಳು ಎಂದೂ ಕೆಲಸ ಮಾಡಿಲ್ಲ; ನಮ್ಮವರಿಗೆಲ್ಲ ಭಯವಾಗಿದೆ. ಎಬೆಲಿಂಗ್ ಹೇಳಿದ್ದರ ಸಾರ ಇಷ್ಟು. ಈ ಫೋನ್ ಕರೆಯನ್ನು ನೆನಪಿನಲ್ಲಿಡಿ.

ಮೆಕ್‌ಡೊನಾಲ್ಡ್ ಹವಾಮಾನದ ಅಂಕಿಗಳನ್ನು ತರಿಸಿ ತಿಳಿಸಿದರು. ಸಂಜೆ ಮೂರು ಊರುಗಳ ನಡುವೆ ಟೆಲಿಫೋನಿನಲ್ಲೇ ಸಭೆ. ನೀವು ಯೂಟಾದ ಕೋಣೆಯ ಮೂಲೆಯಲ್ಲಿ ನಿಂತಿದ್ದೀರಿ. ಇದುವರೆಗಿನ ಉಡಾವಣೆಗಳಲ್ಲಿ ಅತಿ ಚಳಿಯದು 53 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 12 ಸೆಲ್ಸಿಯಸ್. ಆಗಲೇ ಉಂಗುರ ದಾಟಿ ಕಪ್ಪು ಮಸಿ ಬಂದಿತ್ತು. ಅದಕ್ಕಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎನ್ನುತ್ತದೆ ಕಂಪನಿ. ಆ ಕಡೆಯಿಂದ ನಾಸಾದ ಜಾರ್ಜ್ ಹಾರ್ಡಿಯ ದನಿ: ಈ ಶಿಫಾರಸು ಕೇಳಿ ದಂಗಾಗಿದ್ದೇನೆ. ಲ್ಯಾರಿ ಮುಲಾಯ್ ಎಂಬ ಇನ್ನೊಬ್ಬ ಅಧಿಕಾರಿ ಕೇಳುತ್ತಾರೆ, ಹಾಗಾದರೆ ಯಾವಾಗ ಹಾರಿಸಲಿ, ಬರುವ ಏಪ್ರಿಲ್‌ಗಾ?

ಕಂಪನಿ ಐದು ನಿಮಿಷ ಬಿಡುವು ಕೇಳಿ ಫೋನನ್ನು ಮ್ಯೂಟ್ ಮಾಡುತ್ತದೆ. ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ಬೋಜೋಲಿ ಫೋಟೊಗಳನ್ನು ಮೇಜಿನ ಮೇಲಿಟ್ಟು, ನೋಡಿ, ಚಳಿಯಲ್ಲಿ ಹೀಗಾಗಿದೆ ಎಂದು ಅಂಗಲಾಚುತ್ತಾನೆ. ಮೇಲಿನವರು ನೋಡುತ್ತಿಲ್ಲ. ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ರಾಬರ್ಟ್ ಲಂಡ್ ಕಡೆ ತಿರುಗಿ, ನಿನ್ನ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೋ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಟೋಪಿ ಹಾಕುವುದಕ್ಕೆ ಬೇರೆಯದೇ ಅರ್ಥವಿದೆ. ಆ ರಾತ್ರಿ ಎರಡು ಅರ್ಥವೂ ಕೂಡಿಬಂದವು. ನಾಲ್ವರು ಮ್ಯಾನೇಜರುಗಳು ಹಾರಿಸಬಹುದು ಎಂದರು. ಫ್ಲೋರಿಡಾದಲ್ಲಿ ಮೆಕ್‌ಡೊನಾಲ್ಡ್ ಸಹಿ ಹಾಕುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಯೂಟಾದಿಂದಲೇ ಬೇರೊಬ್ಬರ ಸಹಿ ಫ್ಯಾಕ್ಸ್‌ನಲ್ಲಿ ಹೋಯಿತು.

ಎಬೆಲಿಂಗ್ ಮನೆಗೆ ಬಂದು ಹೆಂಡತಿಗೆ ಒಂದೇ ಮಾತು ಹೇಳಿದರು: ನಾಳೆ ಅದು ಸಿಡಿಯುತ್ತದೆ.

ಬೆಳಿಗ್ಗೆ ಕಾರಿನಲ್ಲಿ ಮಗಳೂ ಇದ್ದಾಳೆ. ಅಪ್ಪ ಡ್ಯಾಶ್‌ಬೋರ್ಡಿಗೆ ಗುದ್ದುತ್ತ, ಎಲ್ಲರೂ ಸಾಯುತ್ತಾರೆ ಎನ್ನುತ್ತಿದ್ದಾರೆ. ಕಾರ್ಖಾನೆಯ ಸಭಾಕೋಣೆಯಲ್ಲಿ ದೊಡ್ಡ ಪರದೆಯಿದೆ, ಜನ ತುಂಬಿದ್ದಾರೆ. ಬೋಜೋಲಿಗೆ ನೋಡುವ ಮನಸ್ಸಿಲ್ಲ. ಬಾ ಎಂದು ಕರೆತಂದವರು ಎಬೆಲಿಂಗ್. ಕುರ್ಚಿ ಖಾಲಿಯಿಲ್ಲದೆ ಬೋಜೋಲಿ ಪರದೆಯ ಮುಂದೆ ನೆಲದ ಮೇಲೆ ಕೂತ, ಕುರ್ಚಿಯಲ್ಲಿದ್ದ ಎಬೆಲಿಂಗ್ ಕಾಲಿಗೆ ಬೆನ್ನು ಆನಿಸಿ. ನೀವು ನೋಡಬೇಕಾದ್ದು ಪರದೆಯನ್ನಲ್ಲ, ಅದನ್ನು ಲೋಕವೆಲ್ಲ ನೋಡಿದೆ. ಈ ಇಬ್ಬರನ್ನು ನೋಡಿ. ಒಬ್ಬನ ಬೆನ್ನಿಗೆ ಇನ್ನೊಬ್ಬನ ಮೊಣಕಾಲು.

ಇಬ್ಬರೂ ಹೆದರಿದ್ದು ಬೆಂಕಿ ಹೊತ್ತಿದ ಕ್ಷಣಕ್ಕೆ. ಉಂಗುರ ಕೈಕೊಟ್ಟರೆ ನೆಲದ ಮೇಲೆಯೇ ಸಿಡಿಯುತ್ತದೆ ಎಂಬುದು ಅವರ ಲೆಕ್ಕ. ನೌಕೆ ಗೋಪುರ ದಾಟಿ ಮೇಲೇರಿತು. ಎಬೆಲಿಂಗ್ ಬಗ್ಗಿ, ಬಚಾವಾದೆವು ಎಂದು ಪಿಸುಗುಟ್ಟಿದರು. ಒಂದು ನಿಮಿಷ ಕಳೆಯಿತು. ಈಗಷ್ಟೇ ದೇವರಿಗೆ ಕೃತಜ್ಞತೆ ಹೇಳಿ ಮುಗಿಸಿದೆ ಎಂದರು. ಅದಾಗಿ ಹದಿಮೂರು ಸೆಕೆಂಡಿಗೆ ನೌಕೆ ಸಿಡಿಯಿತು.

ಕೋಣೆಯಲ್ಲಿ ಉಸಿರಿಲ್ಲ. ಬೋಜೋಲಿ ಎದ್ದು ತನ್ನ ಆಫೀಸಿಗೆ ಹೋಗಿ ಕೂತುಬಿಟ್ಟ. ದಿನವಿಡೀ ಅಲ್ಲೇ. ನಡುವೆ ಜೊತೆಗೆ ಕೆಲಸ ಮಾಡುವ ಇಬ್ಬರು ಬಾಗಿಲಿಗೆ ಬಂದು, ಹೇಗಿದ್ದೀಯಾ ಎಂದು ಕೇಳಿದರು. ಬಾಯಿ ಬಿಟ್ಟರೆ ಅಳು ಬರುತ್ತದೆಂದು ಅವನು ಸುಮ್ಮನೆ ತಲೆಯಾಡಿಸಿದ. ಅವರೂ ಏನೂ ಆಡದೆ ಕೊಂಚ ಹೊತ್ತು ನಿಂತು ಹೋದರು. ಈ ಇಡೀ ಪ್ರಕರಣದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಇಬ್ಬರು. ಸಾವಿನ ಮನೆಗೆ ಹೋದಾಗ ನಾವು ಏನಾದರೂ ಹೇಳಲೇಬೇಕು ಎಂದುಕೊಂಡು ಹಣೆಬರಹ, ದೇವರಿಚ್ಛೆ ಎಂದೆಲ್ಲ ಒದರುತ್ತೇವೆ. ಅವರು ಹಾಗೆ ಮಾಡಲಿಲ್ಲ.

ಆಮೇಲಿನದನ್ನು ಬೇಗ ದಾಟೋಣ. ಮೆಕ್‌ಡೊನಾಲ್ಡ್ ತನಿಖಾ ಆಯೋಗದ ಮುಂದೆ ಎದ್ದು ನಿಂತು ಆ ರಾತ್ರಿಯ ಗುಟ್ಟು ಬಯಲು ಮಾಡಿದರು. ಭೌತವಿಜ್ಞಾನಿ ಫೈನ್‌ಮನ್ ಮಂಜುಗಡ್ಡೆಯ ನೀರಿನ ಲೋಟದಲ್ಲಿ ರಬ್ಬರ್ ತುಂಡು ಅದ್ದಿ ತೋರಿಸಿದರು. ನಿಜ ಹೇಳಿದವರಿಂದ ಕಂಪನಿಯಲ್ಲಿ ಕೆಲಸ ಕಿತ್ತುಕೊಂಡು ಮೂಲೆಗೆ ಕೂರಿಸಿದ್ದೂ ಆಯಿತು. ಸಂಸತ್ತು ಗದರಿದ ಮೇಲೆ ಮೆಕ್‌ಡೊನಾಲ್ಡ್‌ಗೆ ಸ್ಥಾನ ಮರಳಿತು. ಅದೇ ಜೋಡಣೆಯನ್ನು ಹೊಸದಾಗಿ ರೂಪಿಸುವ ಹೊಣೆಯೂ ಸಿಕ್ಕಿತು. 1988ರ ಸೆಪ್ಟೆಂಬರ್ 29ರಂದು ಡಿಸ್ಕವರಿ ಸುರಕ್ಷಿತವಾಗಿ ಏರಿತು. ಬೋಜೋಲಿಯ ಜೊತೆ ಸಹೋದ್ಯೋಗಿಗಳು ಮಾತು ಬಿಟ್ಟರು. ಅವನು ಮಾನಸಿಕವಾಗಿ ಕುಸಿದು ಕೆಲಸ ಬಿಟ್ಟ. ಸಾಕ್ಷ್ಯ ಹೇಳಿ ಬಂದಾಗ ಆಯೋಗದ ಸದಸ್ಯೆ, ಗಗನಯಾತ್ರಿ ಸ್ಯಾಲಿ ರೈಡ್ ತನ್ನನ್ನು ಅಪ್ಪಿಕೊಂಡಿದ್ದನ್ನು ವರ್ಷಗಟ್ಟಲೆ ನೆನೆಯುತ್ತಿದ್ದ. ಮುಂದೆ ವಿದ್ಯಾರ್ಥಿಗಳಿಗೆ ಎಂಜಿನಿಯರನ ನೀತಿಯ ಬಗ್ಗೆ ಭಾಷಣ ಮಾಡುತ್ತ ಅದರಲ್ಲೇ ಒಂದು ದಾರಿ ಕಂಡುಕೊಂಡ. 2012ರಲ್ಲಿ ತೀರಿಕೊಂಡ.

ಎಬೆಲಿಂಗ್‌ಗೆ ಜೋಡಣೆಯೂ ಇಲ್ಲ, ಭಾಷಣವೂ ಇಲ್ಲ. ಅಪಘಾತವಾಗಿ ಮೂರು ವಾರಕ್ಕೆ ರೇಡಿಯೊ ವರದಿಗಾರರಿಗೆ ಹೆಸರು ಹೇಳಬೇಡಿ ಎಂದು ನಡೆದದ್ದೆಲ್ಲ ಹೇಳಿದ್ದರು. ಸ್ವಲ್ಪ ದಿನಕ್ಕೇ ನಿವೃತ್ತರಾದರು.

ಅವರು ಹೋದದ್ದು ಎಲ್ಲಿಗೆ ಗೊತ್ತೆ? ಬ್ರಿಗಮ್ ಸಿಟಿಯ ಪಶ್ಚಿಮಕ್ಕೆ ಬೇರ್ ನದಿ ಗ್ರೇಟ್ ಸಾಲ್ಟ್ ಲೇಕ್ ಸೇರುವಲ್ಲಿ ವಲಸೆ ಹಕ್ಕಿಗಳ ಧಾಮವಿದೆ. 1983ರಲ್ಲಿ ಸರೋವರ ಉಕ್ಕಿ ಉಪ್ಪುನೀರು ಒಳನುಗ್ಗಿತು. ಏರಿಗಳು ಕೊಚ್ಚಿಹೋದವು, ಜೊಂಡು ಸತ್ತಿತು, ಹಕ್ಕಿಗಳು ಬೇರೆ ಕಡೆ ಹೋದವು. ನೀರು ಇಳಿಯುವ ಹೊತ್ತಿಗೆ ಉಳಿದದ್ದು ಉಪ್ಪು ಮೆತ್ತಿದ ಕೆಸರು. ಅದನ್ನು ಮತ್ತೆ ಹಕ್ಕಿ ಇಳಿಯುವ ಜಾಗ ಮಾಡುವ ಕೆಲಸಕ್ಕೆ ಊರಿನವರ ಜೊತೆ ಎಬೆಲಿಂಗ್ ನಿಂತರು. ಏರಿ ಕಟ್ಟುವುದು, ತೂಬು ಸರಿಪಡಿಸುವುದು, ಸಿಹಿನೀರು ಹಾಯಿಸುವುದು. ಗಾಳಿ ನಿಮ್ಮ ಮುಖಕ್ಕೆ ಉಪ್ಪು ಎರಚುತ್ತಿದೆ. ದೂರದಲ್ಲಿ ಬಾತುಗಳ ಹಿಂಡು ಎದ್ದು ಮತ್ತೆ ಕೂರುತ್ತಿದೆ. ಸೋರುವ ಸಂದಿನ ಭಯವನ್ನು ಹೊತ್ತು ಬಂದ ಮನುಷ್ಯ ಇಲ್ಲಿ ಸೋರದಂತೆ ಏರಿಗೆ ಮಣ್ಣು ಮೆತ್ತುತ್ತಿದ್ದಾನೆ. 1990ರಲ್ಲಿ ಇದಕ್ಕಾಗಿ ಅಧ್ಯಕ್ಷ ಬುಷ್ ಅವರಿಂದ ಪ್ರಶಸ್ತಿಯೂ ಬಂತು. ಹಕ್ಕಿಗಳು ಮರಳಿದವು. ಎಬೆಲಿಂಗ್ ಮನಸ್ಸಿನ ನೆಮ್ಮದಿ ಮರಳಲಿಲ್ಲ.

ಅಪಘಾತಕ್ಕೆ ಮೂವತ್ತು ವರ್ಷವಾದ ದಿನ ಅದೇ ವರದಿಗಾರ ಹೊವರ್ಡ್ ಬರ್ಕ್ಸ್ ಮುಂದೆ, ಈ ಸಲ ಹೆಸರು ಮುಚ್ಚಿಡದೆ, ಎಬೆಲಿಂಗ್ ಹೇಳಿದ್ದು ಇದು: ದೇವರು ಈ ಕೆಲಸಕ್ಕೆ ನನ್ನನ್ನು ಆರಿಸಬಾರದಿತ್ತು. ಮುಂದಿನ ಸಲ ಸಿಕ್ಕಾಗ ಕೇಳುತ್ತೇನೆ, ಕೈಲಾಗದವನನ್ನು ಯಾಕೆ ಆರಿಸಿದೆ ಅಂತ. ಇನ್ನಷ್ಟು ಅಂಕಿಅಂಶ ಮುಂದಿಟ್ಟಿದ್ದರೆ ಮೇಲಿನವರು ಒಪ್ಪುತ್ತಿದ್ದರೇನೋ ಎಂಬುದು ಅವರ ಕೊರಗು.

ಈಗ ಮತ್ತೆ ಹಾಸಿಗೆಯ ಪಕ್ಕ ಬನ್ನಿ. ಆ ನೂರಾರು ಕಾಗದಗಳು ಯಾಕೆ ಒಳಗೆ ಇಳಿಯಲಿಲ್ಲವೆಂದು ಈಗ ಗೊತ್ತಾಗುತ್ತದೆ. ಬರೆದವರಿಗೆ ಪ್ರೀತಿಯಿದೆ, ಆದರೆ ಅವರು ಆ ಕೋಣೆಯಲ್ಲಿರಲಿಲ್ಲ. ಅಂಕಿ ನೋಡದೆ ಯಾವುದನ್ನೂ ಒಪ್ಪದ ಎಂಜಿನಿಯರ್ ಈ ಮನುಷ್ಯ. ನಿಮ್ಮದೇನೂ ತಪ್ಪಿಲ್ಲ ಎಂದರೆ ಒಳಗಿನಿಂದ ಒಂದು ದನಿ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತದೆ.

ಫೋನ್ ಬರುತ್ತದೆ. ಅಲನ್ ಮೆಕ್‌ಡೊನಾಲ್ಡ್. ಅಂದು ಈ ಕಡೆಯಿಂದ ಹೋದ ಕರೆ, ಮೂವತ್ತು ವರ್ಷದ ಮೇಲೆ ಆ ಕಡೆಯಿಂದ ಬಂದಂತೆ. ಮೆಕ್‌ಡೊನಾಲ್ಡ್ ದೇವರನ್ನೂ ವಿಧಿಯನ್ನೂ ತರುವುದಿಲ್ಲ. ನಡೆದದ್ದನ್ನೇ ಹೇಳುತ್ತಾರೆ: ಅವರೆಲ್ಲ ಹಾರಿಸುವ ಭರದಲ್ಲಿದ್ದರು. ಅವತ್ತು ನೀನು ನನಗೆ ಫೋನ್ ಮಾಡದಿದ್ದರೆ ಅದನ್ನು ತಡೆಯುವ ಪ್ರಯತ್ನಕ್ಕೂ ನಮಗೆ ಅವಕಾಶ ಸಿಗುತ್ತಿರಲಿಲ್ಲ. ಕೈಲಾಗದವನೆಂದರೆ, ಮಾಡಲು ಅವಕಾಶವಿದ್ದೂ ಮಾಡದವನು, ಅದರ ಚಿಂತೆಯೂ ಇಲ್ಲದವನು. ನೀನು ಅವನಲ್ಲ.

ಇದು ಸಾಕ್ಷಿಯ ಮಾತು. ಫೋನಿನ ಇನ್ನೊಂದು ತುದಿಯಲ್ಲಿದ್ದವನ ಮಾತು. ಸಮಾಧಾನಕ್ಕೆಂದು ಹೇಳಿದ್ದೇ ಆದರೂ ಅದರಲ್ಲಿ ಒಂದಕ್ಷರ ಬಣ್ಣವಿರಲಿಲ್ಲ.

ಬಳಿಕ, ಆ ರಾತ್ರಿ ಎಂಜಿನಿಯರುಗಳ ಮಾತು ತಳ್ಳಿಹಾಕಿದವರಲ್ಲಿ ಇಬ್ಬರ ಸಂದೇಶ ಬಂತು. ಒಬ್ಬರು ಟೋಪಿ ಬದಲಿಸಿದ ರಾಬರ್ಟ್ ಲಂಡ್. ಇನ್ನೊಬ್ಬರು ದಂಗಾಗಿದ್ದೇನೆ ಎಂದಿದ್ದ ಅದೇ ಜಾರ್ಜ್ ಹಾರ್ಡಿ. ನಿಮ್ಮಿಂದ ಏನು ನಿರೀಕ್ಷೆಯಿತ್ತೋ ಅದನ್ನೆಲ್ಲ ಮಾಡಿದ್ದೀರಿ, ನಿರ್ಧಾರ ಹಲವರು ಸೇರಿ ಮಾಡಿದ್ದು, ಇಲ್ಲದ ಹೊಣೆ ಹೊತ್ತು ನರಳಬೇಡಿ ಎಂದಿತ್ತು ಹಾರ್ಡಿಯ ಕಾಗದ. ಮೂವತ್ತು ವರ್ಷ ತಡವಾಯಿತೆಂದು ನನಗೆ ಸಿಟ್ಟು ಬರುತ್ತದೆ. ಎಬೆಲಿಂಗ್‌ಗೆ ಬರಲಿಲ್ಲ.

ಕೊನೆಗೆ ನಾಸಾದ ಹೇಳಿಕೆ. ಚಾಲೆಂಜರ್‌ನ ಏಳು ಜನರಿಗೆ ಗೌರವ ಸಲ್ಲಿಸುವ ರೀತಿ ಅವರ ಸಾವಿನ ಭಾರ ಹೊರುವುದಲ್ಲ, ಎಬೆಲಿಂಗ್ ಅವರಂತೆ ಧೈರ್ಯವಾಗಿ ಹೇಳುವವರ ಮಾತಿಗೆ ಕಿವಿಗೊಡುವುದು ಎಂಬರ್ಥದ್ದು. ಅದನ್ನು ಓದಿ ಹೇಳಿದಾಗ ನೀವು ಅಲ್ಲೇ ಇದ್ದೀರಿ. ಮುದುಕ ಭಲೇ ಎಂದು ಚಪ್ಪಾಳೆ ತಟ್ಟುತ್ತಾರೆ.

ಅಲ್ಲಿಂದ ಒಂದು ತಿಂಗಳೂ ಕಳೆದಿರಲಿಲ್ಲ. 2016ರ ಮಾರ್ಚ್ 21ರಂದು ಬ್ರಿಗಮ್ ಸಿಟಿಯಲ್ಲಿ ಬಾಬ್ ಎಬೆಲಿಂಗ್ ತೀರಿಕೊಂಡರು.